ಹೊಲದ ಹಕ್ಕಿಗಳು: ನೋಟದ ಸುಖ, ಬೆಳೆಯ ಹಿತ

ಕಾಸಿನ ವೆಚ್ಚವಿಲ್ಲದೆ ಮನೆಬಾಗಿಲಿನಲ್ಲಿಯೇ ದೊರೆಯುವ ಸುಖಗಳಲ್ಲಿ ಹಕ್ಕಿಗಳನ್ನು ನೋಡುವುದೂ ಒಂದಾಗಿದೆ. ಒಕ್ಕಲಿಗನು ದಿನಂಪ್ರತಿ ಅವುಗಳ ನಡುವೆಯೇ ಸಂಚರಿಸುತ್ತಾನೆ. ಆದರೆ ಕ್ಷಣಕಾಲ ನಿಂತು ನೋಡುವವರು ವಿರಳ. ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ಎರೆಹೊಲ, ಮಸಾರಿ ಭೂಮಿ, ಕಲ್ಲುಗುಡ್ಡ, ಕೆರೆ, ಕಾಲುವೆ, ನದೀತೀರಗಳೆಲ್ಲವೂ ಇರುವುದರಿಂದ ನಾನಾ ಜಾತಿಯ ಹಕ್ಕಿಗಳಿಗೆ ಇಲ್ಲಿ ಆಶ್ರಯವುಂಟು.

ರಾಯಚೂರು ನಗರದವರು ಇದಕ್ಕಾಗಿ ಊರು ಬಿಟ್ಟು ಹೋಗಬೇಕಾದುದಿಲ್ಲ. ಮುಂಜಾನೆ ಮಾವಿನಕೆರೆಯಂಥ ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ನಿಂತರೆ, ಮಿಂಚುಳ್ಳಿಯು ನೆಟ್ಟನೆ ನೀರಿಗೆ ಧುಮುಕಿ ಮೀನನ್ನು ಕಚ್ಚಿ ಮೇಲೇರುವುದೂ, ನೀರುಕಾಗೆಯು ರೆಕ್ಕೆಗಳನ್ನು ಹರವಿ ಬಿಸಿಲಿಗೆ ಒಣಗಿಸಿಕೊಳ್ಳುವುದೂ ಕಾಣಬಹುದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನವಿಯ ಗದ್ದೆಗಳಲ್ಲಿ ಕೆಸರು ಹೊಡೆಯುವ ಕಾಲಕ್ಕೆ ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಬೆನ್ನುಹತ್ತುವವು. ಹಿಂದೆ ನೇಗಿಲಿನ ಬೆನ್ನುಹತ್ತುತ್ತಿದ್ದ ಕುಲವೇ ಇದು. ಮಣ್ಣು ಮಗುಚಿದೊಡನೆ ಮೇಲೆದ್ದ ಹುಳುಗಳನ್ನು ಅವು ಆರಿಸಿ ತಿನ್ನುತ್ತವೆ. ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿ ಗೀಜಗನ ಗಂಡು ಮಳೆಗಾಲದಲ್ಲಿ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಸಂಸಾರ. ಒಪ್ಪದಿದ್ದರೆ ಗೂಡು ಅರ್ಧಕ್ಕೇ ನಿಲ್ಲುವುದುಂಟು.

ದೇವದುರ್ಗದ ಕಡೆಯ ತೊಗರಿ, ಹತ್ತಿ, ಜೋಳದ ಹೊಲಗಳಲ್ಲಿ ನೀಲಕಂಠನನ್ನು ನೋಡತಕ್ಕದ್ದು. ಕುಳಿತಿರುವಾಗ ಕಂದಾಗಿ ಕಾಣುವ ಈ ಹಕ್ಕಿಯು ರೆಕ್ಕೆ ಬಿಚ್ಚಿದೊಡನೆ ನೀಲಮಣಿಯಂತೆ ಹೊಳೆಯುತ್ತದೆ. ಇದು ಕರ್ನಾಟಕದ ರಾಜ್ಯಪಕ್ಷಿಯು. ಮಿಡತೆ, ಜೀರುಂಡೆಗಳು ಇದರ ಆಹಾರ. ಬರಿಯ ನೆಲದ ಮೇಲೆ ಮಣ್ಣಿನ ಬಣ್ಣದ ಮೊಟ್ಟೆಗಳನ್ನಿಡುವ ಟಿಟ್ಟಿಭವು ಗಳೆ ಸಮೀಪಿಸಿದಾಗ ಕೂಗಿ ಗದ್ದಲವೆಬ್ಬಿಸುತ್ತದೆ. ಅಲ್ಲಿ ಒಂದು ಮಾರು ನೆಲವನ್ನು ಉಳದೆ ಬಿಟ್ಟರೆ ಒಡೆಯನಿಗೆ ನಷ್ಟವೇನೂ ಇಲ್ಲ. ಒಂದು ಸಂಸಾರ ಉಳಿಯುವುದು.

ಹಕ್ಕಿಗಳು ಕಾಳು ತಿನ್ನುವುದಿಲ್ಲವೆಂದು ಹೇಳಲಾಗದು. ಚಳಿಗಾಲದಲ್ಲಿ ಮಧ್ಯ ಏಷ್ಯದ ಕಡೆಯಿಂದ ಹಿಂಡುಹಿಂಡಾಗಿ ಬರುವ ಗುಲಾಬಿ ಮೈನಾಗಳು ಜೋಳದ ತೆನೆಗೆ ಎರಗುವುದನ್ನು ರೈತರು ಬಲ್ಲರು. ಆದರೆ ಇದೇ ಹಕ್ಕಿಯು ತನ್ನ ತವರುಸೀಮೆಯಲ್ಲಿ ಮಿಡತೆಗಳ ಪರಮವೈರಿ. ಚೀನದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆಗಳ ನಿಗ್ರಹಕ್ಕಾಗಿ ಇವುಗಳಿಗೆ ಗೂಡಿನ ಸ್ಥಳಗಳನ್ನೇ ಕಟ್ಟಿಸಿಕೊಟ್ಟಿದ್ದಾರೆ. ಆದುದರಿಂದ ತೆನೆಯ ಕಾಲದಲ್ಲಿ ಅಟ್ಟಣಿಗೆಯ ಮೇಲೆ ನಿಂತು ಕೂಗಿ ಓಡಿಸುವುದು ನ್ಯಾಯ. ವಿಷವಿಟ್ಟು ಕೊಲ್ಲುವುದು ಅನ್ಯಾಯವೂ ಅವಿವೇಕವೂ ಆಗಿದೆ.

ಕಾಜಾಣದ ಉದಾಹರಣೆಯೊಂದೇ ಸಾಕು. ತೊಗರಿಯ ಹೊಲದಲ್ಲಿ ಎಕರೆಗೆ ಸುಮಾರು 20 ಕವಲುಗೂಟಗಳನ್ನು ನೆಟ್ಟರೆ, ಅವುಗಳ ಮೇಲೆ ಕುಳಿತು ಕಾಯಿಕೊರಕ ಹುಳುಗಳನ್ನು ಅದು ಹಿಡಿದು ತಿನ್ನುತ್ತದೆ. ರಾತ್ರಿಯಲ್ಲಿ ಇದೇ ಗೂಟಗಳು ಇಲಿ ಹಿಡಿಯುವ ಗೂಬೆಗೆ ಆಸನವಾಗುವವು. ಗೂಬೆಯನ್ನು ಅಪಶಕುನವೆಂದು ಹೊಡೆದೋಡಿಸುವವನು ತನ್ನ ಕಣಜದ ಕಾವಲುಗಾರನನ್ನೇ ಓಡಿಸಿದಂತೆ. ಅತಿಯಾಗಿ ಕೀಟನಾಶಕ ಸಿಂಪಡಿಸಿದ ಹೊಲದಲ್ಲಾದರೋ ಹುಳುವಿನೊಡನೆ ಹುಳು ತಿನ್ನುವ ಹಕ್ಕಿಯೂ ಅಳಿಯುತ್ತದೆ. ಹುಳುವು ಮರಳಿ ಬರುತ್ತದೆ, ಹಕ್ಕಿಯು ಅಷ್ಟು ಬೇಗ ಬಾರದು.

ಹಕ್ಕಿಗಳನ್ನು ನೋಡಿ ಬರೆದಿಡುವುದು ಈ ನಾಡಿಗೆ ಹೊಸತಲ್ಲ. ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಪ್ರಸಿದ್ಧ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದ್ದು, ಅದು 1933–34 ರಲ್ಲಿ ಪ್ರಕಟವಾಯಿತು. ಇಂದು ಶಾಲೆಯ ಮಕ್ಕಳೂ ಒಂದು ಪುಸ್ತಕದಲ್ಲಿ ದಿನ, ಸ್ಥಳ, ಹಕ್ಕಿಯ ಹೆಸರುಗಳನ್ನು ಬರೆದಿಡಬಹುದು.

ಗ್ರಾಮದ ಮುಖಂಡರೂ ಭೂಮಾಲೀಕರೂ ಮನಸ್ಸು ಮಾಡಿದರೆ ಇಷ್ಟು ಸಾಧ್ಯ: ಬದುವಿನ ಬೇವು ಜಾಲಿಗಳನ್ನು ಕಡಿಯದಿರುವುದು, ಲಾವಕ್ಕಿ, ಕೌಜುಗಗಳಿಗೆ ಬಲೆಯೊಡ್ಡುವವರನ್ನು ತಡೆಯುವುದು, ಏಕೆಂದರೆ 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ, ವಿಷದ ಬಳಕೆಯನ್ನು ಅವಶ್ಯವಿದ್ದಷ್ಟಕ್ಕೇ ಮಿತಗೊಳಿಸುವುದು. ಹಿರಿಯರು ಹೊಲದೊಡನೆ ಹಕ್ಕಿಯ ಹಾಡನ್ನೂ ಬಿಟ್ಟುಹೋದರು. ಮಕ್ಕಳಿಗೆ ಎರಡನ್ನೂ ಒಪ್ಪಿಸುವುದು ಒಕ್ಕಲುತನದ ಧರ್ಮವೇ ಸರಿ.