ಶಾವಿಗೆಯ ತಿರುಪು, ಕಬ್ಬಿನ ಹನಿ

ಬೇಸಗೆ ಬಂದಿತೆಂದರೆ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ಶಾವಿಗೆಯ ಸಡಗರ. ನಾದಿದ ಹಿಟ್ಟನ್ನು ಒಬ್ಬರು ಯಂತ್ರದ ಬಾಯಿಗಿಡುವರು; ಇನ್ನೊಬ್ಬರು ಹಿಡಿಕೆ ತಿರುವುವರು. ಒಳಗಿನ ತಿರುಪು ಹಿಟ್ಟನ್ನು ಮುಂದಕ್ಕೆ ತಳ್ಳಿ, ತೂತುಬಿಲ್ಲೆಯ ಮೂಲಕ ಎಳೆಎಳೆಯಾಗಿ ಹೊರಬಿಡುವುದು. ಹದ ತಪ್ಪಿದರೆ ಎಳೆ ಹರಿಯುವುದು. ಗಂಟು ಉಳಿದರೆ ತೂತು ಕಟ್ಟುವುದು. ಇದನ್ನರಿಯದ ಗೃಹಿಣಿ ಆ ಸೀಮೆಯಲ್ಲಿ ವಿರಳ. ಆದರೆ ಅದೇ ಊರುಗಳ ಕಬ್ಬಿನ ಹೊಲದಲ್ಲಿ ಸಾಲುಸಾಲಾಗಿ ಮಲಗಿರುವ ಕಪ್ಪು ಕೊಳವೆಯೂ ಇಂತಹುದೇ ತಿರುಪಿನ ಕೂಸೆಂಬುದನ್ನು ಬಲ್ಲವರೆಷ್ಟು ಮಂದಿ?

ನೀರು ಬಂದ ಮೇಲೆ

ನೀರಿಗಾಗಿ ಈ ನಾಡು ಪಟ್ಟ ಪಾಡು ಸಣ್ಣದಲ್ಲ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರು ಸರಕಾರದ ಹಣಕ್ಕೆ ಕಾಯದೆ, ತಾವೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. 'ಶ್ರಮಬಿಂದು ಸಾಗರ'ವೆಂದು ಅದಕ್ಕೆ ಹೆಸರಾಯಿತು. ಹೀಗೆ ನದಿಯಿಂದಲೂ ಕಾಲುವೆಯಿಂದಲೂ ಬಂದ ನೀರು ಕಬ್ಬನ್ನು ಬೆಳೆಸಿತು. ಆದರೆ ಕಪ್ಪುಮಣ್ಣಿಗೆ ಮಿತಿಮೀರಿ ನೀರು ಹರಿಸಿದ ಕಡೆಗಳಲ್ಲಿ ಉಪ್ಪು ಮೇಲೆದ್ದು ಭೂಮಿ ಬಂಜೆಯಾಯಿತು. ರೈತರು ಇದನ್ನೇ ಸವಳು-ಜವಳು ಎನ್ನುವರು. ಬಾರದ ನೀರಿಗಾಗಿ ಬೆವರು ಸುರಿಸಿದವರು, ಬಂದ ನೀರನ್ನು ಅಳೆದು ಬಳಸುವ ಕಾಲ ಒದಗಿತು.

ಈ ಅಳತೆಯ ಕೆಲಸ ಹನಿ ನೀರಾವರಿಯದು. ಸಾಮಾನ್ಯವಾಗಿ ಗಂಟೆಗೆ ಎರಡರಿಂದ ನಾಲ್ಕು ಲೀಟರಿನಂತೆ ಪ್ರತಿ ರಂಧ್ರವೂ ಬೇರಿನ ಬಳಿ ನೀರು ತೊಟ್ಟಿಕ್ಕಿಸಬೇಕು. ಹೊಲದಲ್ಲಿ ಹಾಸುವ ಕೊಳವೆಯ ಅಡ್ಡಳತೆ ಬಹುಮಟ್ಟಿಗೆ 16 ಮಿಲಿಮೀಟರ್. ಗೋಡೆಯ ದಪ್ಪ ಸುಮಾರು ಒಂದು ಮಿಲಿಮೀಟರ್, ಕೆಲವೊಮ್ಮೆ ಇನ್ನೂ ಕಡಿಮೆ. ಗೋಡೆ ಒಂದೆಡೆ ತೆಳುವಾದರೆ ನೀರಿನ ಒತ್ತಡಕ್ಕೆ ಒಡೆಯುವುದು. ಒಡೆದ ಕಡೆ ಕೆಸರು, ಸಾಲಿನ ತುದಿಯಲ್ಲಿ ಬರ!

ಕಾಣದ ಕತ್ತಲಕೋಣೆ

ಈ ಕೊಳವೆ ಪಾಲಿಥೀನಿನದು. ಸುಲಭವಾಗಿ ರೂಪ ತಾಳುವ ಒಂದು ಬಗೆ, ಬಿರುಕಿಗೆ ಜಗ್ಗದ ಇನ್ನೊಂದು ಬಗೆ, ಇವೆರಡನ್ನೂ ಬೆರೆಸಿ, ಬಿಸಿಲಿನಿಂದ ರಕ್ಷಿಸಲು ನೂರಕ್ಕೆ ಎರಡು-ಮೂರು ಪಾಲು ಇಂಗಾಲದ ಕಪ್ಪುಪುಡಿ ಸೇರಿಸುವರು. ಕಾಳುಕಾಳಾದ ಈ ಸರಕು 'ಎಕ್ಸ್‌ಟ್ರೂಡರ್' ಯಂತ್ರದ ಬಾಯಿಗೆ ಬೀಳುವುದು. ಕಾಯಿಸಿದ ಉಕ್ಕಿನ ಉರುಳೆಯೊಳಗೆ ತಿರುಗುವ ತಿರುಪು ಅದನ್ನು ಒಯ್ಯುವುದು, ಅದುಮುವುದು, ಕರಗಿಸುವುದು, ಕಲೆಸುವುದು. ವಿಚಿತ್ರವೆಂದರೆ, ಕರಗಲು ಬೇಕಾದ ಶಾಖದ ಬಹುಪಾಲು ಹೊರಗಿನ ವಿದ್ಯುತ್ತಿನಿಂದ ಬರುವುದಲ್ಲ. ತಿರುಪಿನ ತಿಕ್ಕಾಟದಿಂದಲೇ ಹುಟ್ಟುವುದು.

ಬೆರೆಸುವುದೆಂದರೆ ಸುಲಭವೆ? ಪಾಲಿಮರುಗಳಲ್ಲಿ ಬಹಳಷ್ಟು ಜೋಡಿಗಳು ಎಣ್ಣೆ-ನೀರಿನಂತೆ. ಒಂದು ಇನ್ನೊಂದರೊಳಗೆ ಹನಿಹನಿಯಾಗಿ ಉಳಿಯುವುದು. ಈ ಹನಿಗಳು ಒಡೆಯುವ ಬಗೆಯನ್ನು ಕೇಂಬ್ರಿಜಿನ ಜಿ. ಐ. ಟೇಲರ್ 1934ರಲ್ಲಿ ವಿವರಿಸಿದ. ಹನಿಯ ಅಂಟುತನ ಸುತ್ತಲಿನ ದ್ರವದ ಸುಮಾರು ನಾಲ್ಕು ಪಟ್ಟು ಮೀರಿದರೆ, ಬರಿಯ ತಿಕ್ಕಾಟಕ್ಕೆ ಅದು ಒಡೆಯದು. ಉರುಟುರುಟಾಗಿ ಹೊರಳುತ್ತ ಹಾಗೆಯೇ ಹೊರಬರುವುದು. ಹಿಗ್ಗಿಸಿ ಎಳೆದರೆ ಮಾತ್ರ ಹರಿದೀತು. ಹೀಗೆ ಉಳಿದ ಗಂಟೇ ಕೊಳವೆಯ ದುರ್ಬಲ ತಾಣ. ಬಳಸಿ ಬಿಟ್ಟ ಪ್ಲಾಸ್ಟಿಕ್ಕನ್ನು ಗೊತ್ತುಗುರಿಯಿಲ್ಲದೆ ಬೆರೆಸಿದರೆ ಅಪಾಯ ಇನ್ನೂ ಹೆಚ್ಚು.

ಗಣಕಯಂತ್ರದ ಕಣ್ಣು

ಉರುಳೆಯೊಳಗೆ ಇಣುಕಿ ನೋಡುವುದೆಂತು? ಅಮೆರಿಕದ ಮ್ಯಾಡಕ್ ಎಂಬಾತ ಒಂದು ಉಪಾಯ ಹೂಡಿದ. ಓಡುತ್ತಿದ್ದ ಯಂತ್ರವನ್ನು ತಟ್ಟನೆ ನಿಲ್ಲಿಸಿ, ತಣಿಸಿ, ಗಟ್ಟಿಯಾದ ಪ್ಲಾಸ್ಟಿಕ್ಕಿನ ಸಮೇತ ತಿರುಪನ್ನು ಹೊರಗೆಳೆದು, ಸುರುಳಿಯನ್ನು ಬಿಚ್ಚಿ ಅಡ್ಡಡ್ಡ ಕೊಯ್ದು ನೋಡಿದ. ಕರಗದ ಕಾಳುಗಳು ಒಂದು ಬದಿಗೆ, ಕರಗಿದ ಪಾಕ ಇನ್ನೊಂದು ಬದಿಗೆ ಕೂಡಿದ್ದವು! 1959ರಲ್ಲಿ ಪ್ರಕಟವಾದ ಈ ಕಾಣ್ಕೆಯನ್ನು ಝೆಹೆವ್ ಟಾಡ್ಮೋರ್ 1966ರಲ್ಲಿ ಗಣಿತದ ಸೂತ್ರಗಳಿಗೆ ಇಳಿಸಿದ.

ಮುಂದಿನ ಕೆಲಸ ಗಣಕಯಂತ್ರದ್ದು. ತಿರುಪಿನ ಗಾಡಿಯನ್ನು, ಅಂದರೆ ಸುರುಳಿಯ ನಡುವಣ ಕಾಲುವೆಯನ್ನು, ಅದು ಸಾವಿರಾರು ಸಣ್ಣ ಮನೆಗಳಾಗಿ ವಿಂಗಡಿಸುವುದು. ಪ್ರತಿ ಮನೆಯಲ್ಲಿ ಒತ್ತಡವೆಷ್ಟು, ಶಾಖವೆಷ್ಟು, ಅಂಟುತನವೆಷ್ಟು ಎಂದು ಲೆಕ್ಕ ಹಾಕುವುದು. ಗಾಡಿಯ ಆಳವನ್ನು ತುಸು ಕಡಿಮೆ ಮಾಡಿದರೆ, ತಿರುಗುವ ವೇಗವನ್ನು ಹೆಚ್ಚಿಸಿದರೆ, ಕೊನೆಗೆ ಕಲೆಸುವ ಭಾಗವೊಂದನ್ನು ಜೋಡಿಸಿದರೆ ಏನಾದೀತೆಂಬುದನ್ನು ಉಕ್ಕು ಕಡೆಯುವ ಮೊದಲೇ ತಿಳಿಯಬಹುದು. ಹಿಂದೆ ಹಲವು ತಿರುಪುಗಳನ್ನು ಕೆಡಿಸಿ ಕಲಿಯುತ್ತಿದ್ದ ಪಾಠವನ್ನು ಈಗ ಪರದೆಯ ಮೇಲೆಯೇ ಕಲಿಯುವರು.

ಹಾಗೆಂದು ಗಣಕಯಂತ್ರ ಸರ್ವಜ್ಞನಲ್ಲ. ಪಾಕದ ಅಂಟುತನವನ್ನು ತಪ್ಪಾಗಿ ಅಳೆದು ಕೊಟ್ಟರೆ, ಅದು ಅಚ್ಚುಕಟ್ಟಾಗಿಯೇ ತಪ್ಪು ಉತ್ತರ ಹೇಳುವುದು. ಆದುದರಿಂದ ತಯಾರಾದ ಕೊಳವೆಯ ಗೋಡೆಯನ್ನು ಅಳೆದು, ಕಪ್ಪುಪುಡಿ ಸಮನಾಗಿ ಹರಡಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಒತ್ತಡಕ್ಕೆ ಒಡ್ಡಿ ಪರೀಕ್ಷಿಸುವುದು ಇಂದಿಗೂ ತಪ್ಪಿಲ್ಲ.

ಎಲ್ಲಕ್ಕೂ ಕೊನೆಯ ಪರೀಕ್ಷಕ ರೈತ. ನೀರು ಬಿಟ್ಟು ಸಾಲಿನ ತುದಿಯವರೆಗೆ ನಡೆದು, ಬಾಗಿ, ಕಟ್ಟಕಡೆಯ ರಂಧ್ರವನ್ನು ಆತ ನೋಡುವನು. ಮೊದಲ ಗಿಡಕ್ಕೆ ಬಿದ್ದಷ್ಟೇ ನೀರು ಅಲ್ಲಿಯೂ ತೊಟ್ಟಿಕ್ಕುತ್ತಿದ್ದರೆ ಆತನಿಗೆ ಅಷ್ಟೇ ಸಾಕು. ಆ ತಿರುಪನ್ನೂ ಅದರ ಲೆಕ್ಕವನ್ನೂ ಆತ ನೋಡಿರಲಾರ. ಆದರೆ ಅವನ ಮನೆಯ ಮಾಳಿಗೆಯ ಮೇಲೆ ಒಣಗುತ್ತಿರುವ ಶಾವಿಗೆಯನ್ನು ಒತ್ತಿದ ಕೈಗಳಿಗೆ ಆ ಲೆಕ್ಕದ ಮೊದಲ ಪಾಠ ಎಂದೋ ತಿಳಿದಿದೆ: ಹದವಾಗಿ ನಾದದ ಹಿಟ್ಟಿನಿಂದ ಒಳ್ಳೆಯ ಎಳೆ ಬಾರದು.