ಕೊರವ ಮೀನಿಗೆ ತಕ್ಕ ಗಾಳ

ನಾವು ಕೊರವವೆನ್ನುವ ಮೀನೇ ತೆಲುಗರ ಕೊರಮೀನು, ತಮಿಳರ ವಿರಾಲು. ನೀರಿನಲ್ಲಿ ಕರಗಿದ ಗಾಳಿ ಇದಕ್ಕೆ ಸಾಲದು. ಆಗಾಗ ಮೇಲೆದ್ದು ಉಸಿರೆಳೆಯುತ್ತದೆ. ಆದ್ದರಿಂದ ಕೆರೆಯಂಚಿನಲ್ಲಿ ಸದ್ದಿಲ್ಲದೆ ಕುಳಿತು, ಜೊಂಡಿನ ನಡುವೆ ನೀರು ಕದಡಿದ ಕಡೆಯೇ ಗಾಳ ಬಿಡಬೇಕು. ಕಚ್ಚಿದೊಡನೆ ಜೊಂಡಿಗೆ ನುಗ್ಗುವ ಮೀನಿಗೆ ಸಣ್ಣ ದಾರ ತಡೆಯದು. ದಪ್ಪ ನೈಲಾನ್ ದಾರ, ಗಟ್ಟಿ ಬಿದಿರುಕೋಲು ಬೇಕು. ಎರೆಹುಳುವಿಗಿಂತ ಜೀವಂತ ಮರಿಮೀನು ಮೇಲು. ಬೆಂಡು ಅಲುಗಿದೊಡನೆ ಎಳೆಯದೆ, ಅದು ಮುಳುಗಿ ದಾರ ಬಿಗಿದ ಮೇಲೆ ಸೆಳೆಯಿರಿ.

ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡು ನೀರ ಮೇಲೆ ಕಂಡರೆ, ಕೆಳಗೆ ತಾಯ್ತಂದೆಗಳು ಕಾವಲಿರುತ್ತವೆ. ಆಗ ಅವನ್ನು ಹಿಡಿಯುವುದು ಸುಲಭ. ಆದರೆ ಕಾವಲು ತಪ್ಪಿದ ಮರಿಗಳು ಇತರ ಮೀನುಗಳ ಪಾಲಾಗುವುವು. ಒಂದು ಹೊತ್ತಿನ ಸಾರಿಗಾಗಿ ಕೆರೆಯ ಮುಂದಿನ ಫಲವನ್ನು ಕಳೆಯಬೇಡಿ. ಮರಿಗಳು ಬೆಳೆದು ಚದುರುವವರೆಗೆ ಗಾಳವನ್ನು ಸೂರಿಗೆ ಸಿಕ್ಕಿಸಿಡಿ.