ದ್ರಾಕ್ಷಿ ಗೊಂಚಲಿನ ಫಲಕ ಹಿಡಿದು ಗಡಿಯವರೆಗೆ

ಮಡಕಶಿರಾ ಕಡೆಯ ಕಡ್ಲೆಕಾಯಿ ರೈತ ಜರ್ಮನಿಯ ದ್ರಾಕ್ಷಿ ಬಗ್ಗೆ ಏನು ಬರೆದಾನು ಅಂತ ನೀವು ನಗಬಹುದು. ನಮ್ಮ ಮಗಳು, ಅಳಿಯ ಅಲ್ಲಿ ಕೆಲಸದಲ್ಲಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಅವರ ಮನೆಗೆ ಹೋಗಿದ್ದಾಗ ಅಳಿಯ, "ಮಾವ, ಕೋಟೆ ಅರಮನೆ ನೋಡಿ ನೀವೇನ್ ಮಾಡ್ತೀರಿ? ಬನ್ನಿ, ವೈನ್ ರಸ್ತೆ ತೋರಿಸ್ತೀನಿ" ಎಂದು ಕಾರು ಹತ್ತಿಸಿದರು.

ಅದರ ಹೆಸರೇ ಜರ್ಮನ್ ವೈನ್ ರಸ್ತೆ. ಬೊಕೆನ್‌ಹೈಮ್ ಎಂಬ ಊರಿನಲ್ಲಿ ಶುರುವಾಗಿ, ದಕ್ಷಿಣಕ್ಕೆ ಫ್ರಾನ್ಸ್ ಗಡಿಯ ಶ್ವೈಗೆನ್‌ವರೆಗೆ ಸುಮಾರು 85 ಕಿ.ಮೀ. ದಾರಿ ತಪ್ಪುವ ಭಯವಿಲ್ಲ, ದ್ರಾಕ್ಷಿ ಗೊಂಚಲು ಬರೆದ ಫಲಕಗಳನ್ನು ನೆಟ್ಟಿದ್ದಾರೆ. ಪಶ್ಚಿಮಕ್ಕೆ ಕಾಡುಗುಡ್ಡ, ಪೂರ್ವಕ್ಕೆ ರೈನ್ ನದಿಯ ಬಯಲು, ನಡುವೆ ದ್ರಾಕ್ಷಿ, ಮತ್ತೆ ದ್ರಾಕ್ಷಿ. ಗುಡ್ಡ ಪಶ್ಚಿಮದ ಮಳೆಗಾಳಿಯನ್ನು ತಡೆಯುವುದರಿಂದ ಆ ಚಳಿ ದೇಶದಲ್ಲೂ ಇಲ್ಲಿ ಅಂಜೂರ, ಬಾದಾಮಿ ಬೆಳೆಯುತ್ತವೆ. ನಮ್ಮ ಚಿಕ್ಕಬಳ್ಳಾಪುರ ಕಡೆಯಂತೆ ಚಪ್ಪರವಿಲ್ಲ. ತಂತಿ ಎಳೆದು ಸಾಲಾಗಿ ನಿಲ್ಲಿಸಿದ ಬಳ್ಳಿ. ವರ್ಷಕ್ಕೆ ಒಂದೇ ಬೆಳೆ.

ನನಗೆ ಹಿಡಿಸಿದ್ದು ನೋಟಕ್ಕಿಂತ ಮಾರಾಟ. ಬೆಳೆದವನ ಮನೆಯ ಬಾಗಿಲಲ್ಲೇ ವೈನ್ ಸಿಗುತ್ತದೆ. ರೈತ ತನ್ನ ತೋಟದ ವೈನನ್ನು ವರ್ಷದಲ್ಲಿ ನಾಲ್ಕು ತಿಂಗಳು, ನಲವತ್ತು ಜನ ಕೂರುವಷ್ಟು ಜಾಗದಲ್ಲಿ, ಹೋಟೆಲ್ ಲೈಸೆನ್ಸಿನ ತಂಟೆಯಿಲ್ಲದೆ ಬಡಿಸಬಹುದು. ಬಾಗಿಲಿಗೆ ಸೊಪ್ಪಿನ ಕಟ್ಟು ತೂಗುಹಾಕಿದರೆ ಅಂಗಡಿ ತೆರೆದಿದೆ ಅಂತ ಲೆಕ್ಕ. ನಾನು ಕುಡಿಯುವವನಲ್ಲ. ದ್ರಾಕ್ಷಿ ರಸ ಕೇಳಿದೆ, ಅದನ್ನೂ ಅಷ್ಟೇ ಮರ್ಯಾದೆಯಿಂದ ಕೊಟ್ಟರು. ಬಾಡ್ ಡ್ಯುರ್ಕ್‌ಹೈಮ್ ಊರಲ್ಲಿ 17 ಲಕ್ಷ ಲೀಟರ್ ಹಿಡಿಸುವ ಪೀಪಾಯಿ ಇದೆ. 1934ರಲ್ಲಿ ಕಟ್ಟಿದ್ದು. ಅದರೊಳಗೆ ಇರುವುದು ವೈನಲ್ಲ, ಹೋಟೆಲು!

ಈ ರಸ್ತೆ ಯಾಕೆ ಬಂತು ಅಂತ ಕೇಳಿದಾಗ ಮಗಳು ಸ್ವಲ್ಪ ಸುಮ್ಮನಾದಳು. ಆಮೇಲೆ ಹೇಳಿದಳು. 1934, 1935ರಲ್ಲಿ ಬೆಳೆ ಮಿತಿಮೀರಿ ಬಂತು, ಕೊಳ್ಳುವವರಿಲ್ಲ. ಯಾಕಿಲ್ಲ? ಅಲ್ಲಿನ ವೈನ್ ವ್ಯಾಪಾರದಲ್ಲಿ ದೊಡ್ಡ ಪಾಲು ಯಹೂದಿಗಳದ್ದಾಗಿತ್ತು. ನಾಜಿಗಳು ಬಂದ ಮೇಲೆ ಅವರನ್ನು ವ್ಯಾಪಾರದಿಂದ ಹೊರದಬ್ಬಿದರು. ಕೊಳ್ಳುವವರನ್ನು ಓಡಿಸಿ, ರೈತ ಕೂಗಾಡಿದಾಗ ಜನರನ್ನೇ ತೋಟಕ್ಕೆ ಕರೆತರೋಣ ಅಂತ ಅಲ್ಲಿನ ನಾಜಿ ಮುಖಂಡ ಯೋಸೆಫ್ ಬ್ಯುರ್ಕೆಲ್ 1935ರ ಅಕ್ಟೋಬರಿನಲ್ಲಿ ಈ ರಸ್ತೆ ಉದ್ಘಾಟಿಸಿದ. ಐದು ವರ್ಷಕ್ಕೆ, 1940ರ ಅಕ್ಟೋಬರಿನಲ್ಲಿ, ಇದೇ ಬ್ಯುರ್ಕೆಲ್ ಮತ್ತು ನೆರೆಯ ಬಾಡೆನ್ ಸೀಮೆಯ ಮುಖಂಡ ಸೇರಿ ಎರಡೂ ಕಡೆಯ 6,500ಕ್ಕೂ ಹೆಚ್ಚು ಯಹೂದಿಗಳನ್ನು ರೈಲು ಹತ್ತಿಸಿ ಫ್ರಾನ್ಸಿನ ಗುರ್ಸ್ ಶಿಬಿರಕ್ಕೆ ಅಟ್ಟಿದರು. ಅಲ್ಲಿಂದ ಬಹಳ ಮಂದಿ ಆಶ್‌ವಿಟ್ಸ್‌ಗೆ ಹೋದರು. ವಾಪಸು ಬಂದವರು ಕಡಿಮೆ.

ನಮ್ಮೂರಲ್ಲಿ ಮಂಡಿ ಸಾಹುಕಾರರನ್ನು ಬೈಯುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ. ತೂಕದಲ್ಲಿ, ಬಡ್ಡಿಯಲ್ಲಿ ಕೈಸುಟ್ಟುಕೊಂಡಿದ್ದೇನೆ. ಆದರೂ ಆ ಮಧ್ಯಾಹ್ನ ಊಟ ಸೇರಲಿಲ್ಲ. ಆ ದೇಶದ ಎಷ್ಟೋ ಊರುಗಳಲ್ಲಿ, ಹೀಗೆ ಹೋದವರ ಮನೆಯ ಮುಂದೆ ರಸ್ತೆಯಲ್ಲೇ ಅವರ ಹೆಸರು ಕೊರೆದ ಹಿತ್ತಾಳೆ ಬಿಲ್ಲೆ ಹೂತಿದ್ದಾರೆ. ಅದನ್ನೂ ಅಳಿಯ ತೋರಿಸಿದರು. ನಿಂತು ಓದಿಸಿಕೊಂಡೆ.

ಸಂಜೆಗೆ ಶ್ವೈಗೆನ್. ಇಲ್ಲಿ 1936ರಲ್ಲಿ ಕಟ್ಟಿದ ದೊಡ್ಡ ಕಲ್ಲಿನ ಹೆಬ್ಬಾಗಿಲು, ರಸ್ತೆಗೆ ಇದೇ ಕೊನೆ. ಕೂಗಳತೆಯಲ್ಲಿ ಫ್ರಾನ್ಸು. ಈ ಊರಿನವರ ದ್ರಾಕ್ಷಿತೋಟ ಎಷ್ಟೋ ಫ್ರಾನ್ಸಿನ ನೆಲದಲ್ಲಿದೆ. ಬಳ್ಳಿ ಆ ಕಡೆ, ಹಿಂಡುವುದು ಈ ಕಡೆ. ಆ ಕಡೆಯ ಹಳಬರ ಮನೆಮಾತೂ ಜರ್ಮನ್ನಿನದೇ ಒಂದು ಬಗೆ. ನಮ್ಮಲ್ಲಿ ತೆಲುಗು ಶಾಲೆಯಲ್ಲಿ ಓದಿದ ಹುಡುಗ ಮನೆಗೆ ಬಂದು ಅವ್ವನ ಹತ್ತಿರ ಕನ್ನಡ ಆಡೋದಿಲ್ವೆ, ಹಾಗೆ.

ನನಗೂ ಪಾವಗಡ ತಾಲ್ಲೂಕಿನಲ್ಲಿ ಎರಡೆಕರೆ ಇದೆ, ಮನೆ ಮಾತ್ರ ಆಂಧ್ರದಲ್ಲಿ. ಒಂದು ವರ್ಷ ಬೆಳೆ ಒಣಗಿದಾಗ ಪರಿಹಾರ ಕೇಳಲು ಹೋದರೆ ಈ ಕಚೇರಿಯವರು "ನೀನು ಆ ಕಡೆಯವನು" ಅಂದರು, ಆ ಕಚೇರಿಯವರು "ಮೀ ಭೂಮಿ ಅಕ್ಕಡ ಉಂದಿ ಕದಾ" ಅಂದರು. ಇದನ್ನು ಹೆಬ್ಬಾಗಿಲ ಪಕ್ಕ ವೈನ್ ಮಾರುತ್ತಿದ್ದ ಮುದುಕನಿಗೆ ಅಳಿಯನ ಮೂಲಕ ಹೇಳಿಸಿದೆ. ಅವನು ಜೋರಾಗಿ ನಕ್ಕ. ಕಾಗದ ಪತ್ರದ ಕಾಟ ತಮಗೂ ಇದೆ, ಆದರೆ ಹಣ್ಣು ತುಂಬಿದ ಗಾಡಿಯನ್ನು ಈಗ ಯಾರೂ ನಿಲ್ಲಿಸುವುದಿಲ್ಲ ಅಂದ. ಗಡಿಯ ತಪಾಸಣೆ 1995ರಲ್ಲಿ ತೆಗೆದರಂತೆ. ಮಧ್ಯೆ ಮಧ್ಯೆ ಪೊಲೀಸರು ನಿಂತು ಗುರುತಿನ ಚೀಟಿ ಕೇಳುವುದುಂಟು, ಅಷ್ಟೆ.

ಎರಡು ಬಾಟಲಿ ದ್ರಾಕ್ಷಿ ರಸ ಕೊಂಡೆ. ಮುದುಕ ಮೂರನೆಯದನ್ನು ದುಡ್ಡು ತಗೊಳ್ಳದೆ ಚೀಲಕ್ಕೆ ಹಾಕಿ, ಕೈಯಲ್ಲೇ ಗಡಿಯಾಚೆಯ ಒಂದು ಸಾಲು ತೋರಿಸಿದ. ಅದು ಅಲ್ಲಿಯ ಹಣ್ಣಿನದಂತೆ.